ಸುಣ್ಣದ ದಿನ

ಗುಳಿಗೆ ಕೊಡುವಾಗ ತಮ್ಮ ಕೈ ನಡುಗುವುದಿಲ್ಲವಲ್ಲ ಎಂಬುದೇ ಕರಿಬಸವರಾಜರನ್ನು ಈಚೆಗೆ ಹೆಚ್ಚು ಕಾಡುತ್ತಿತ್ತು. ಮೊದಲ ವಾರ ನಡುಗಿತ್ತು. ಲೋಟದ ನೀರು ತುಳುಕಿ ದ್ರಾಕ್ಷಾಯಣಮ್ಮನ ಸೆರಗು ತೊಯ್ದಾಗ ಆಕೆ, 'ನಿಮಗೂ ಒಂದು ಗುಳಿಗಿ ಬೇಕಾಗೈತೆ ನೋಡ್ರಿ' ಎಂದು ನಕ್ಕಿದ್ದಳು. ಈಗ ನಾಲ್ಕು ತಿಂಗಳಾಗಿ, ಕೈ ತನ್ನ ಕಸುಬನ್ನು ಕಲಿತುಬಿಟ್ಟಿತ್ತು. ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಆಕೆ ಬಂದು ಎದುರಿಗೆ ಕೂರುವಳು. ಪೂರ್ತಿ ಮಡಚಲೂ ಬಾರದ, ಪೂರ್ತಿ ಬಿಡಿಸಲೂ ಬಾರದ ಬೆರಳುಗಳ ಬಲಗೈಯನ್ನು ಒಡ್ಡಿ ಕಣ್ಣು ಮುಚ್ಚುವಳು. ಅಂಗೈಯಲ್ಲಿಟ್ಟದ್ದನ್ನು ಪಾದೋದಕದಷ್ಟೇ ಭಕ್ತಿಯಿಂದ ಬಾಯಿಗೆ ಹಾಕಿಕೊಳ್ಳುವಳು. ಒಂದು ದಿನ ಅದು ದಾವಣಗೆರೆಯ ಡಾಕ್ಟರು ಬರೆದುಕೊಟ್ಟ, ಕೀಲುಗಳ ಬಾವು ಇಳಿಸುವ, ಬೆಲೆ ಕೇಳಿದರೆ ಕೇಳಿದವರ ಕೀಲೇ ಸಡಿಲಾಗುವ ಗುಳಿಗೆ. ಮರುದಿನ ಅದು ಆಸ್ಪತ್ರೆಯ ಕಿಟಕಿಯಲ್ಲಿ ಪುಕ್ಕಟೆ ಸಿಗುವ, ಎಲುಬಿಗೆ ಒಳ್ಳೆಯದೆಂದು ಎಲ್ಲರಿಗೂ ಹಿಡಿಗಟ್ಟಲೆ ಕೊಡುವ ಸುಣ್ಣದ ಸತ್ವದ ಗುಳಿಗೆ. ಎರಡೂ ಬಿಳಿ, ಎರಡೂ ದುಂಡಗೆ. 'ದಿನಾ, ಒಂದು ದಿನವೂ ಬಿಡದೆ' ಎಂದು ಡಾಕ್ಟರು ಚೀಟಿಯಲ್ಲಿ ಎರಡು ಗೆರೆ ಎಳೆದಿದ್ದರು. ಆ ಎರಡು ಗೆರೆಗಳ ನಡುವಿನ ಸಂದಿಯಲ್ಲಿ ಕರಿಬಸವರಾಜರು ನಾಲ್ಕು ತಿಂಗಳಿನಿಂದ ಬದುಕುತ್ತಿದ್ದರು. ಇವತ್ತು ಸುಣ್ಣದ ದಿನ. ಆಕೆ ನುಂಗಿ, ನೀರು ಕುಡಿದು, 'ಶಿವಾ' ಎಂದು ಎದ್ದು ಅಡುಗೆಮನೆಗೆ ಹೋದಳು. ಒಳಗಿನಿಂದ ಬೇಳೆ ಬೇಯುವ ವಾಸನೆ ಬರುತ್ತಿತ್ತು. ಇಷ್ಟು ಬೆಳಿಗ್ಗೆ ಬೇಳೆ ಏಕೆ ಎಂದು ಕೇಳುವ ಧೈರ್ಯ ಅವರಿಗಾಗಲಿಲ್ಲ, ಏಕೆಂಬುದು ಗೊತ್ತಿತ್ತು.

ಇವತ್ತು ಹನ್ನೊಂದರ ಮೇಲೆ ಕಂದಾಯ ಇಲಾಖೆಯಿಂದ ಒಬ್ಬರು ಬಂದು, ಈ ಮನೆಯಲ್ಲಿರುವವರು ನಿಜಕ್ಕೂ ಬಡವರೇ ಎಂಬುದನ್ನು ಕಣ್ಣಾರೆ ನೋಡಿಕೊಂಡು ಹೋಗುವವರಿದ್ದರು. ಅವರು ಹೌದೆಂದು ಬರೆದರೆ ವರಮಾನದ ಪ್ರಮಾಣಪತ್ರ. ಪ್ರಮಾಣಪತ್ರ ಸಿಕ್ಕರೆ ಆಸ್ಪತ್ರೆಯಲ್ಲಿ ಸರಕಾರದ ನೆರವು. ನೆರವು ಸಿಕ್ಕರೆ ತಿಂಗಳಿಗೆ ಮೂವತ್ತೂ ದಿನ ಒಂದೇ ಬಗೆಯ ಬಿಳಿ. ಕರಿಬಸವರಾಜರು ಬರುವವನ ಕಣ್ಣುಗಳನ್ನು ಎರವಲು ಪಡೆದು ಮನೆಯನ್ನೊಮ್ಮೆ ನೋಡಿದರು. ಹರಿಹರದ ಪೇಟೆಯ ಹಿಂದಿನ ಓಣಿಯಲ್ಲಿ, ಗೌಸ್ ಪೀರನ ಹಾಸಿಗೆ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಕೆಳಗೆ ಹತ್ತಿ ಹಿಂಜುವ ಯಂತ್ರ ಶುರುವಾದರೆ ಮೇಲೆ ಗೋಡೆಯ ಕ್ಯಾಲೆಂಡರು ಸಣ್ಣಗೆ ಮಿಡುಕುತ್ತಿತ್ತು. ಕಿಟಕಿಯಿಂದ ಅರಳೆಯ ಎಳೆಗಳು ಮೇಲೇರಿ ಬಂದು ಪುಸ್ತಕಗಳ ಮೇಲೆ, ರೆಪ್ಪೆಗಳ ಮೇಲೆ ಕೂರುತ್ತಿದ್ದವು. ಇದೇ ಹತ್ತಿಯನ್ನು ದಾವಣಗೆರೆಯ ಮಿಲ್ಲುಗಳಿಗೆ ಗಾಡಿಗಟ್ಟಲೆ ಮಾರಿದವರ ಮೊಮ್ಮಗ ತಾನು. ಹತ್ತಿ ಈಗಲೂ ಮನೆಗೆ ಬರುತ್ತದೆ, ಬರುವ ಪ್ರಮಾಣ ಮಾತ್ರ ಬೇರೆ. ಹೊಟ್ಟೆಪಾಡಿಗಿರುವುದು ಮುದ್ರಣಾಲಯವೊಂದರಲ್ಲಿ ಲಗ್ನಪತ್ರಿಕೆ, ಶಿವಗಣಾರಾಧನೆಯ ಪತ್ರಿಕೆಗಳ ಕರಡು ತಿದ್ದುವ ಕೆಲಸ. ಮಕ್ಕಳಿಲ್ಲ, ಹೊಲ, ಸೈಟು ಏನೊಂದೂ ಇಲ್ಲ. ಇಷ್ಟೆಲ್ಲ ಇಲ್ಲಗಳಿದ್ದೂ ಮನೆ ಬಡವಾಗಿ ಕಾಣುತ್ತಿರಲಿಲ್ಲವಲ್ಲ ಎಂಬುದೇ ಅವರ ಸಂಕಟ. ಕಿಟಕಿಗೆ ದ್ರಾಕ್ಷಾಯಣಮ್ಮ ಬೆರಳು ನೆಟ್ಟಗಿದ್ದ ಕಾಲದಲ್ಲಿ ಕಸೂತಿ ಹಾಕಿದ ಪರದೆ. ಮೂಲೆಯಲ್ಲಿ ಒಪ್ಪವಾಗಿ ಜೋಡಿಸಿದ ಹಿತ್ತಾಳೆಯ ಚೆಂಬುಗಳು. ಸಾರಿಸಿ ರಂಗೋಲಿ ಎಳೆದ ಹೊಸ್ತಿಲು. ಗುಡಿಸಿದ ನೆಲವೇ ಎದುರು ಪಕ್ಷದ ಸಾಕ್ಷಿಯ ಹಾಗೆ ಹೊಳೆಯುತ್ತಿತ್ತು.

ಬಡತನವನ್ನು ಅಭಿನಯಿಸುವುದರಲ್ಲಿ ತಾವು ಅನನುಭವಿಯೇನಲ್ಲ ಎಂದು ನೆನಪಾಗಿ ಅವರಿಗೆ ನಗು ಬಂತು. ಎಂಟನೆಯ ಇಯತ್ತೆಯಲ್ಲಿ ಕೊಂಡಜ್ಜಿಯ ಸ್ಕೌಟು ಶಿಬಿರ. ಕೆರೆಯ ದಂಡೆಯಲ್ಲಿ ಉರಿ ಹಾಕಿ, ಅದರ ಸುತ್ತ ನಾಟಕ. ಹರಕು ಗೋಣಿ ಹೊದ್ದು, ಮುಖಕ್ಕೆ ಇದ್ದಿಲು ಬಳಿದುಕೊಂಡು, 'ಅಮ್ಮಾ, ತುತ್ತು ಅನ್ನ' ಎಂದು ಅವರು ಕೈ ಚಾಚಿದಾಗ ಮೇಷ್ಟರ ಕಣ್ಣಲ್ಲೂ ನೀರು. ಮೊಮ್ಮಗನನ್ನು ನೋಡಲೆಂದು ಬಂದಿದ್ದ ಅಜ್ಜ ಮಾತ್ರ ಎದ್ದು ನಿಂತು, ಜೇಬಿನಿಂದ ನಾಣ್ಯವೊಂದನ್ನು ತೆಗೆದು ಆಟದ ನಡುವೆಯೇ ಅವರತ್ತ ಎಸೆದು, 'ಸಾಕು, ಏಳಪ್ಪಾ' ಎಂದಿದ್ದರು. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಅಜ್ಜ ಹೆಮ್ಮೆಯಿಂದ ಎಸೆದರೋ ಅವಮಾನದಿಂದ ಎಸೆದರೋ ಎಂಬುದು ಇವತ್ತಿಗೂ ಬಗೆಹರಿದಿಲ್ಲ. ಆಮೇಲೆ ಕಾಲೇಜು, ದಾವಣಗೆರೆಯ ಹೋಟೆಲಿನ ಮೂಲೆಯ ಮೇಜು, ಒಂದು ಚಹಾಕ್ಕೆ ಮೂವರು, ಮೂವರ ನಡುವೆ ಒಂದು ಹೊಸ ಕಾವ್ಯಮಾರ್ಗ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಅವರು ಪ್ರಕಟಿಸಿದ ತೆಳ್ಳನೆಯ ಸಂಕಲನದಲ್ಲಿ ಹಸಿವು ಹದಿನೇಳು ಸಲ ಬರುತ್ತಿತ್ತು. 'ಬಡತನ ಬೆಳಕಿನ ಬಟ್ಟೆ, ಉಟ್ಟವರಿಗೇ ಕಾಣದು' ಎಂಬ ಸಾಲನ್ನು ತಾಲ್ಲೂಕಿನ ಸಭೆಯೊಂದರಲ್ಲಿ ಯಾರೋ ಎರಡು ಸಲ ಓದಿಸಿ, ಶಾಲು ಹೊದಿಸಿದ್ದರು. ಆ ಸಾಲು ಬರೆದ ದಿನ ಮನೆಯಲ್ಲಿ ಮಾವಿನಹಣ್ಣಿನ ಸೀಕರಣೆ ಇತ್ತು. ಈಗ ಬಟ್ಟೆ ನಿಜವಾಗಿಯೂ ಮೈಮೇಲೆ ಬಂದಿದೆ. ನೋಡಲು ಬರುವವನಿಗೆ ಕಾಣಬೇಕಾಗಿದೆ.

ಅವರು ಬೀರು ತೆಗೆದು, ಕೊರಳುಪಟ್ಟಿ ಸವೆದು ದಾರ ಬಿಟ್ಟಿದ್ದ ಅಂಗಿಯನ್ನು ಹುಡುಕಿ ಹಾಕಿಕೊಂಡರು. ಹೊರಗೆ ಬಂದ ಒಂದೇ ಗಳಿಗೆಗೆ ದ್ರಾಕ್ಷಾಯಣಮ್ಮ ಕೈಗೆ ಹೂರಣ ಮೆತ್ತಿಕೊಂಡೇ ಬಾಗಿಲಿಗೆ ಬಂದಳು.

'ಅಯ್ಯ, ಇದೇನು ಹಾಕ್ಕಂಡ್ರಿ? ಕವಿಗಳು ಅಂತ ನೋಡಾಕೆ ಬರ್ತಾರೆ ಅವ್ರು. ಕೂಲಿಗೆ ಹೊಂಟವ್ರಂಗೆ ಕೂಡ್ತೀರಾ?'

'ಇದೇ ಇರಲಿ ಬಿಡು. ಸೆಕೆ.'

'ಬಿಳೀ ಜುಬ್ಬ ಇಸ್ತ್ರಿ ಮಾಡಿಸಿ ಇಟ್ಟೀನಿ. ಬದಲಿ ಮಾಡ್ರಿ. ಶಾಲೂ ತೆಗೆದಿಟ್ಟೀನಿ.'

ಇದು ಅವರೇ ನೆಟ್ಟ ಗಿಡ. ಮೂರು ವಾರಗಳ ಹಿಂದೆ ಆಸ್ಪತ್ರೆಯಿಂದ ಮರಳುವಾಗ, ಬಸ್ಸು ಹರಿಹರದ ಹತ್ತಿರ ಬಂದಿದ್ದಾಗ, ಕೈಚೀಲದಲ್ಲಿದ್ದ ಜೆರಾಕ್ಸು ಪ್ರತಿಗಳನ್ನು ನೋಡಿ ಆಕೆ ಕೇಳಿದ್ದಳು, ಇವೆಲ್ಲ ಯಾತಕ್ಕೆ ಎಂದು. ಅದಕ್ಕೆ ಒಂದು ಗಂಟೆ ಮೊದಲು ಅವರು ಆಸ್ಪತ್ರೆಯ ನೆರವಿನ ಮೇಜಿನ ಮುಂದೆ ಕೂತಿದ್ದರು. ಸ್ನೇಹಾ ಎಂಬ ಹುಡುಗಿ, ಹೆಸರಿಗೆ ತಕ್ಕ ಹಾಗೆಯೇ ಮೆತ್ತಗೆ, 'ಇನ್ಕಮ್ ಸರ್ಟಿಫಿಕೇಟ್ ಒಂದು ತಂದ್ಬಿಡ್ರಿ ಅಂಕಲ್, ಅಮ್ಮಂಗೆ ತಿಂಗಳಾ ತಿಂಗಳಾ ಟ್ಯಾಬ್ಲೆಟ್ ಫ್ರೀ ಆಗ್ತತಿ. ಸಂಕೋಚ ಯಾಕ? ಇರೋದೇ ಬಡವ್ರಿಗೆ ಅಲ್ಲೇನ್ರಿ ಇದು' ಎಂದು ಹೇಳಿದ್ದಳು. ಆ ಹೊತ್ತಿಗೆ ಕರಿಬಸವರಾಜರು ಬೆಂಚಿನ ಮೇಲೆ ಒಂದು ವಿಚಿತ್ರ ಭಂಗಿಯಲ್ಲಿ, ಬೆನ್ನನ್ನು ಗೋಡೆಗೆ ಒತ್ತಿಕೊಂಡು ಕೂತಿದ್ದರು. ಬೆನ್ನ ಹಿಂದೆ ಒಂದು ಕಲ್ಲು. ಆ ಕೋಣೆಯನ್ನು ಕಟ್ಟಿಸಿಕೊಟ್ಟವರ ಹೆಸರಿನ ಕಲ್ಲು. ಅಜ್ಜನ ಹೆಸರಿನ ಒಂದೊಂದು ಅಕ್ಷರವೂ ಜುಬ್ಬದ ಮೂಲಕ ತಣ್ಣಗೆ ಬೆನ್ನೆಲುಬಿಗೆ ತಾಗುತ್ತಿತ್ತು. ಹುಡುಗಿ ಅರ್ಜಿಯಲ್ಲಿ ಅವರ ಮನೆತನದ ಹೆಸರನ್ನು ಬರೆದುಕೊಳ್ಳುವಾಗ ಅವರು ಇನ್ನಷ್ಟು ಅಗಲವಾಗಿ ಕೂತರು. ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದ ದ್ರಾಕ್ಷಾಯಣಮ್ಮನಿಗೆ ಇದೊಂದೂ ತಿಳಿಯದು. ಬಸ್ಸಿನಲ್ಲಿ ಆಕೆ ಕೇಳಿದಾಗ, 'ನಾವು ಬಡವರೆಂದು ಬರೆದುಕೊಡಲಿಕ್ಕೆ' ಎಂಬ ಮೂರು ಶಬ್ದಗಳು ನಾಲಗೆಯ ತುದಿಗೆ ಬಂದು, ಅಲ್ಲಿಂದ ಹಿಂದಕ್ಕೆ ಜಾರಿ, ಬೇರೆಯೇ ಆಗಿ ಹೊರಬಿದ್ದವು: 'ಮಾಸಾಶನ. ಹಳೆಯ ಸಾಹಿತಿಗಳಿಗೆ ಸರಕಾರ ಕೊಡ್ತದಂತೆ. ಮನೆಗೆ ಬಂದು ನೋಡ್ತಾರೆ.' ಕಿಟಕಿಯಾಚೆ ನಾಲೆಯಲ್ಲಿ ನೀರು ಅಷ್ಟಿಷ್ಟು ಹರಿಯುತ್ತಿತ್ತು. ಆಕೆಯ ಮುಖದಲ್ಲಿ ಮೂಡಿದ್ದನ್ನು ನೋಡಿ ಅವರಿಗೆ ತಮ್ಮ ಸುಳ್ಳಿನ ಬಗ್ಗೆಯೇ ಒಂದು ಗಳಿಗೆ ಹೊಟ್ಟೆಕಿಚ್ಚಾಯಿತು. ಅವರ ಯಾವ ಕವಿತೆಯೂ ಆ ಮುಖವನ್ನು ಅಷ್ಟು ಬೆಳಗಿರಲಿಲ್ಲ.

ಹೀಗಾಗಿ ಅಡುಗೆಮನೆಯಲ್ಲಿ ಹೋಳಿಗೆ. ಮಲೆಬೆನ್ನೂರಿನ ಆಕೆಯ ತವರಿನಲ್ಲಿ ಹೊಸ್ತಿಲು ದಾಟಿ ಒಳಗೆ ಬಂದವನು ಯಾರೇ ಆಗಲಿ, ಅಂಚೆಯವನಾಗಲಿ ಅಮೀನನಾಗಲಿ, ಉಣ್ಣದೆ ಹೋದರೆ ಮನೆಗೆ ಸೂತಕವೆಂಬ ನಂಬಿಕೆ. ಬಂದವನೇ ಜಂಗಮ. ಅಲ್ಲಿ ಒಮ್ಮೆ ಜಪ್ತಿಗೆ ಬಂದ ಅಧಿಕಾರಿಗೂ ಮೊದಲು ಎಲೆ ಹಾಕಿ ಆಮೇಲೆ ಪೆಟ್ಟಿಗೆ ತೋರಿಸಿದ್ದರಂತೆ. ಕರಿಬಸವರಾಜರು ಬಾಗಿಲಿಗೆ ಆತು ನೋಡಿದರು. ಆಕೆ ಕಣಕದ ಉಂಡೆಯನ್ನು ಬೆರಳಿನಿಂದ ಹಿಡಿಯಲಾರದೆ ಎರಡೂ ಅಂಗೈಗಳ ನಡುವೆ ಒತ್ತಿ, ಹೂರಣ ತುಂಬಿ, ಲಟ್ಟಣಿಗೆಯನ್ನು ಮಣಿಕಟ್ಟಿನಿಂದ ಉರುಳಿಸುತ್ತಿದ್ದಳು. ಗೆಣ್ಣುಗಳು ಕೆಂಪಾಗಿ, ಎಣ್ಣೆಯಲ್ಲಿ ಮಿಂಚುತ್ತಿದ್ದವು. ಪ್ರತಿ ಉರುಳಿಗೂ ಮೂಗಿನಿಂದ ಒಂದು ಸಣ್ಣ ಸದ್ದು. ಇವತ್ತಾದರೂ ನಿಜವಾದ ಗುಳಿಗೆ ಕೊಡಬಹುದಿತ್ತು ಎಂದು ಅವರಿಗೆ ತೋರಿತು. ಆಮೇಲೆ, ಇವತ್ತಿನದನ್ನು ಕೊಟ್ಟಿದ್ದರೆ ನಾಳೆಯದು ತಪ್ಪುತ್ತಿತ್ತಲ್ಲ ಎಂಬ ಸಮಾಧಾನ. ಆಮೇಲೆ, ಆ ಸಮಾಧಾನದ ನೀಚತನ. ಇಷ್ಟರಲ್ಲಿ ಮೆಟ್ಟಿಲಿನಲ್ಲಿ ಏದುಸಿರು ಕೇಳಿಸಿ, ಪಕ್ಕದ ಮನೆಯ ಕಸ್ತೂರಮ್ಮ ಹಳದಿ ಬಟ್ಟೆಯಲ್ಲಿ ಸುತ್ತಿದ ಏನನ್ನೋ ಮಗುವಿನಂತೆ ಎದೆಗೊತ್ತಿಕೊಂಡು ಬಂದಳು.

'ತಗಳವ್ವಾ ಬೆಳ್ಳಿ ತಟ್ಟಿ. ಹುಣಸೆಹಣ್ಣು ಹಾಕಿ ತಿಕ್ಕಬ್ಯಾಡ್ರಿ ಮತ್ತೆ. ಹೋದ ಸಲ ಕಾಟಪ್ಪನ ಮನಿಯವ್ರು ತಿಕ್ಕಿ ತಿಕ್ಕಿ ನಮ್ಮ ಮಾವಾರ ಹೆಸರು ಅಳಿಸಾಕೆ ಬಂದಿದ್ರು.'

'ವಿಭೂತಿ ಹಚ್ಚಿ ತೊಳಿತೀನಿ ಕಸ್ತೂರಕ್ಕಾ.'

'ಏನ್ರಿ ಕವಿಗಳೇ,' ಎಂದು ಕಸ್ತೂರಮ್ಮ ಇವರತ್ತ ತಿರುಗಿದಳು, 'ಪೇಪರ್ನಾಗೆ ಫೋಟೋ ಬರ್ತತಂತೆ? ನಮ್ಮ ಓಣಿ ಹೆಸರೂ ಹಾಕಿಸ್ರಿ. ಚರಂಡಿ ಆದ್ರೂ ಬಂದೀತು.'

ಆ ತಟ್ಟೆ ಓಣಿಯ ಎಲ್ಲ ಮನೆಗಳಲ್ಲೂ ಉಂಡಿತ್ತು. ಬೀಗರು, ಅಳಿಯ, ಮಠದವರು, ಸಾಲ ಕೊಡುವ ಬ್ಯಾಂಕಿನವರು, ಯಾರು ಬಂದರೂ ಅದು ಹಳದಿ ಬಟ್ಟೆಯಲ್ಲಿ ಹೊಸ್ತಿಲು ದಾಟಿ ಹೋಗಿ, ಸಂಜೆಗೆ ಮರಳಿ ಬರುತ್ತಿತ್ತು. ಈ ಮನೆಯದೂ ಒಂದಿತ್ತು. ಎರಡು ವರ್ಷದ ಹಿಂದೆ, ಮೊದಲ ಸಲ ಬಾವು ಬಂದಾಗ, ಅದು ಕರಗಿ ಸೂಜಿಮದ್ದಾಗಿ ದ್ರಾಕ್ಷಾಯಣಮ್ಮನ ಮೈಯೊಳಗೇ ಸೇರಿತ್ತು. ಆಕೆ ಒಂದು ಸಲವೂ ಅದರ ಮಾತೆತ್ತಿರಲಿಲ್ಲ.

ಬಂದವನ ಹೆಸರು ಕಾಂತರಾಜ್. ಮೂವತ್ತು ಮೂವತ್ತೆರಡರ, ಕಣ್ಣ ಕೆಳಗೆ ದಣಿವಿನ ಕಪ್ಪಿದ್ದ ಮನುಷ್ಯ. ಹೆಲ್ಮೆಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡು ಕೂತ. ಅವನ ಕಣ್ಣು ಪರದೆ, ಚೆಂಬು, ಪುಸ್ತಕಗಳ ಮೇಲೆ ಹಾದು, ಇಸ್ತ್ರಿ ಮಾಡಿದ ಜುಬ್ಬದ ಮೇಲೆ ನಿಂತಿತು. ಕರಿಬಸವರಾಜರು ಜುಬ್ಬದೊಳಗೇ ಸ್ವಲ್ಪ ಕುಗ್ಗಲು ನೋಡಿದರು.

'ಪರಿಶೀಲನೆಗೆ ಬಂದೀನಿ ಸರ್. ಆಧಾರ್ ಕೊಡ್ರಿ, ನೋಡ್ತೀನಿ. ಆಮೇಲೆ ಒಂದು ಫೋಟೋ. ಮನಿಯೊಳಗೆ, ಅರ್ಜಿದಾರರು ಕುಂತಿರಬೇಕು. ಲೊಕೇಶನ್ ಸಮೇತ ಹೋಗ್ಬೇಕದು.'

'ಇಲ್ಲೇ ಗೋಡೆಯ ಹತ್ತಿರ ನಿಲ್ತೀನಿ,' ಎಂದು ಅವರು ಬಣ್ಣ ಬಿಟ್ಟ ಮೂಲೆಯ ಕಡೆಗೆ ಹೊರಟರು. ಮನೆಯಲ್ಲಿ ನೆಚ್ಚಬಹುದಾಗಿದ್ದದ್ದು ಅದೊಂದೇ ಮೂಲೆ.

'ಬರೀ ಗ್ವಾಡಿ ಮುಂದೆ ಯಾಕ?' ದ್ರಾಕ್ಷಾಯಣಮ್ಮ ಒಳಗಿನಿಂದ ಬಂದಿದ್ದಳು. 'ಇರ್ರಿ ತಮ್ಮಾ, ಒಂದ್ ನಿಮಿಷ.' ಆಕೆ ಮಣೆ ಹಾಕಿದಳು. ಮಣೆಯ ಮುಂದೆ ಊಟಕ್ಕೆಂದು ಅಣಿ ಮಾಡಿದ್ದ ಬೆಳ್ಳಿ ತಟ್ಟೆ, ತಟ್ಟೆಯಲ್ಲಿ ಹೋಳಿಗೆ, ಹೋಳಿಗೆಯ ಮೇಲೆ ತುಪ್ಪ, ಪಕ್ಕದಲ್ಲಿ ಕೋಸಂಬರಿ. ಗಂಡನನ್ನು ಮಣೆಯ ಮೇಲೆ ಕೂರಿಸಿ, ಹೆಗಲಿಗೆ ಜರತಾರಿಯ ಶಾಲು ಹೊದಿಸಿ, ಕೈಗೆ ಸಂಕಲನವನ್ನು ಕೊಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಂದು ಶಾಲಿನ ಅಂಚು ಸರಿಮಾಡಿದಳು. 'ಈಗ ತೆಗೀರಿ.' ಕರಿಬಸವರಾಜರು ಬಾಯಿ ತೆರೆದರು. ಬೇಡ ಎನ್ನಬೇಕಿತ್ತು. ಆದರೆ ಬೇಡವೆಂದರೆ ಏಕೆ ಎಂದು ಹೇಳಬೇಕಾಗುತ್ತಿತ್ತು. ಶಾಲು ಹೊದಿಸಿದ ಆ ಕೈ ಇನ್ನೂ ಹೆಗಲ ಮೇಲೆ ಬಿಸಿಯಾಗಿತ್ತು. ಕಾಂತರಾಜ್ ಒಡೆದ ಗಾಜಿನ ಫೋನನ್ನು ಎತ್ತಿ ಹಿಡಿದ. ಅವನ ಮುಖದಲ್ಲಿ ಗೊಂದಲ ಕಾಣಿಸಿತಾದರೂ, ಬೆಳಿಗ್ಗೆಯಿಂದ ಆರನೆಯ ಮನೆ ಇದು, ತಿಂಡಿ ತಿಂದಿಲ್ಲ ಎಂಬುದೂ ಅದೇ ಮುಖದಲ್ಲಿ ಕಾಣುತ್ತಿತ್ತು. ಫೋನು ಕ್ಲಿಕ್ಕೆಂದಿತು. ತೆರೆದ ಬಾಯಿ ಹಾಗೆಯೇ ಚಿತ್ರವಾಯಿತು. ಆಮೇಲೆ ನೋಡಿದವರಿಗೆ ಅದು ತುತ್ತಿಗಾಗಿ ತೆರೆದ ಬಾಯಿಯೆಂದೇ ತೋರುವ ಹಾಗಿತ್ತು.

'ಹೋತು ಸರ್ ಆಫೀಸಿಗೆ,' ಎಂದ ಕಾಂತರಾಜ್.

ಊಟ ಬೇಡವೆಂದು ಅವನು ಎರಡು ಸಲ ಹೇಳಿದ. ಮೂರನೆಯ ಸಲ ಹೇಳುವಷ್ಟರಲ್ಲಿ ಕೈಗೆ ನೀರು ಬಿದ್ದಿತ್ತು. ಕುಕ್ಕುವಾಡದವನೆಂದು ತಿಳಿದ ಕೂಡಲೇ ದ್ರಾಕ್ಷಾಯಣಮ್ಮ, 'ಅಲ್ಲಿ ಹೆಂಗೈತೆ ಈ ಸಲ ಮೆಕ್ಕೆಜೋಳ? ಅವ್ವ ಆರಾಮದಾರಾ?' ಎಂದು ಕೇಳುತ್ತ ಇನ್ನೆರಡು ಹೋಳಿಗೆ ಹಾಕಿದಳು. 'ಅವ್ವಂಗೆ ಸಕ್ಕರಿ ಕಾಯಿಲೆ ಅಮ್ಮಾ. ರಂಗವ್ವ ಅಂತ ಹೆಸರು. ಹೋಳಿಗಿ ಮಾಡೋದ ಬಿಟ್ಟುಬಿಟ್ಟಾಳೆ. ಮನಿಯಾಗೆ ಮಾಡಿದ್ರೆ ತಿನ್ನಬೇಕು ಅನ್ನಿಸ್ತತಿ ಅಂತ, ನಮಗೂ ಇಲ್ಲ' ಎಂದು ಅವನು ಕಟ್ಟಿನ ಸಾರನ್ನು ಸುರಿದುಕೊಂಡ. ಬೆಳ್ಳಿ ತಟ್ಟೆಯಲ್ಲಿ ಉಣ್ಣುವಾಗ ಬೆರಳು ತಾಗಿ ಬರುವ ಆ ಮೆತ್ತನೆಯ ಸದ್ದನ್ನು ಕರಿಬಸವರಾಜರು ಅಜ್ಜನ ಪಡಸಾಲೆಯಲ್ಲಿ ಕೇಳಿದ್ದರು. ಸಾಲಾಗಿ ಕೂತ ಅಡತಿಯವರು, ದಲ್ಲಾಳಿಗಳು, ಎಲ್ಲರಿಗಿಂತ ಕೊನೆಯಲ್ಲಿ, ಆದರೆ ಅಂಥದೇ ತಟ್ಟೆಯಲ್ಲಿ, ಹತ್ತಿ ಹಿಂಜುವ ಗೌಸ್ ಪೀರನ ಅಪ್ಪ. ಉಂಡವರು ಎದ್ದು ಹೋಗುವಾಗ ಅಜ್ಜ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಕೊಟ್ಟವನು ಕಣ್ಣು ತಗ್ಗಿಸಬೇಕು ಎನ್ನುತ್ತಿದ್ದರು. ತೆಗೆದುಕೊಳ್ಳುವವನು ಕಣ್ಣನ್ನು ಎಲ್ಲಿಡಬೇಕೆಂದು ಅವರು ಮೊಮ್ಮಗನಿಗೆ ಹೇಳಿಕೊಟ್ಟಿರಲಿಲ್ಲ.

ಕಾಂತರಾಜ್ ಕೈ ತೊಳೆದು ಬಂದ. ಉಂಡ ಸುಖ ಒಂದು ಕಡೆ, ಕಾಗದಪತ್ರ ಇನ್ನೊಂದು ಕಡೆ. ಕೊನೆಗೆ ಕಿಟಕಿಯಿಂದ ಬಾಗಿ ಕೆಳಗೆ ಕೂಗಿದ. ನೆರೆಯವರೊಬ್ಬರ ಸಹಿ ಬೇಕಾಗಿತ್ತು. ಯಂತ್ರ ನಿಂತಿತು, ಗಡ್ಡಕ್ಕೆಲ್ಲ ಅರಳೆ ಮೆತ್ತಿಕೊಂಡ ಗೌಸ್ ಪೀರ್ ಮೇಲೆ ಬಂದು ಬಾಗಿಲಲ್ಲೇ ನಿಂತ. ಕಾಂತರಾಜ್ ಮುದ್ರಿತ ಹಾಳೆಯನ್ನು ತೆಗೆದು, ಕಚೇರಿಯ ರೂಢಿಯಂತೆ ಗಟ್ಟಿಯಾಗಿ ಓದತೊಡಗಿದ: 'ಸದರಿ ಅರ್ಜಿದಾರರಿಗೆ ಯಾವುದೇ ಸ್ಥಿರ, ಚರ ಆಸ್ತಿ ಇರುವುದಿಲ್ಲ. ಸದರಿಯವರು ಕಡುಬಡವರಾಗಿದ್ದು, ಪತ್ನಿಯ ಔಷಧೋಪಚಾರದ ವೆಚ್ಚ ಭರಿಸಲು ಅಶಕ್ತರಾಗಿರುತ್ತಾರೆಂದು...' ಎಲೆ ಅಡಿಕೆಯ ತಟ್ಟೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದ ದ್ರಾಕ್ಷಾಯಣಮ್ಮ ಅಲ್ಲಿಯೇ ನಿಂತಳು.

'ಯಾರು?' ಎಂದ ಗೌಸ್ ಪೀರ್. 'ಯಾರು ಕಡುಬಡವ್ರು?'

'ಇವ್ರೇ. ನಿಮಗೆ ಗೊತ್ತಿದ್ರೆ ಸಹಿ ಹಾಕ್ರಿ.'

'ತೋಬಾ, ತೋಬಾ. ಸಾಹುಕಾರ್ರಾ? ಇವ್ರ ಅಜ್ಜಾರ ಅಂಗಳದಾಗೆ ನಮ್ಮಪ್ಪ ಹತ್ತಿ ಹಿಂಜಿದ್ದು ಸ್ವಾಮಿ. ನಮ್ಮ ನಿಕಾಹ್‌ಗೆ ಇವ್ರ ಮನಿಯಿಂದ ಅಕ್ಕಿ ಬಂದಿತ್ತು. ನಾನು ಇವ್ರನ್ನ ಬಡವ್ರು ಅಂತ ಬರಕೊಟ್ರೆ ಕೈ ಬಿದ್ದು ಹೋಗ್ತತಿ. ಮುನಿಸಿಪಾಲ್ಟಿಗೆ ಬೇಕಾದ್ರೆ ಬರಕೊಡ್ತೀನಿ, ಇಂಥ ದೊಡ್ಡೋರು ನಮ್ಮ ಮನಿಯಾಗೆ ಇರೋದು ನಮ್ಮ ನಸೀಬು ಅಂತ.'

'ಗೌಸು, ಸಹಿ ಹಾಕು,' ಎಂದರು ಕರಿಬಸವರಾಜರು. ತಮ್ಮ ದನಿ ತಮಗೇ ಅಪರಿಚಿತವಾಗಿ ಕೇಳಿಸಿತು.

'ಬ್ಯಾಡ್ರಿ ಸಾಹುಕಾರ್ರೆ. ಬೈರಿ ಬೇಕಾದ್ರೆ. ಅದೊಂದು ಮಾತ್ರ ಹೇಳಬ್ಯಾಡ್ರಿ.'

ಕಾಂತರಾಜ್ ಹಾಳೆಯನ್ನು ಮಡಚಿದ. ಅವನ ಮುಖದಲ್ಲಿದ್ದದ್ದು ಸಿಟ್ಟಲ್ಲ, ನಿರಾಳ. 'ನಂಗೂ ಹಂಗೇ ಅನ್ನಿಸ್ತು ಸರ್ ಬಂದ ಕೂಡಲೇ. ಆನ್‌ಲೈನ್‌ನಾಗೆ ಏನೋ ಅಡ್ರೆಸ್ ಅದಲು ಬದಲು ಆಗಿರಬೇಕು. ಬೇರೆ ಯಾರದೋ ಅರ್ಜಿ. ಇಂಥ ಮನಿಯವ್ರು ಯಾಕ ಹಾಕ್ತಾರೆ? ತಪ್ಪಾಗೈತೆ ಅಂತ ಬರಕೊಂಡು ಹೋಗ್ತೀನಿ. ಹೌದಲ್ರಿ?'

ಹೌದೆನ್ನುವುದು ಎಷ್ಟು ಸುಲಭವಾಗಿತ್ತು. ಎಲ್ಲರೂ ಅದನ್ನೇ ಅಂಗೈಯಲ್ಲಿಟ್ಟು ಚಾಚುತ್ತಿದ್ದರು: ಗೌಸ್ ಪೀರ್, ಕಾಂತರಾಜ್, ಹೆಗಲ ಮೇಲಿನ ಶಾಲು, ಕಲ್ಲಿನೊಳಗಿನ ಅಜ್ಜ. ತಲೆ ಆಡಿಸಿದರೆ ಸಾಕು, ಮಾನವಾಗಿ ಮುಗಿಯುತ್ತದೆ. ಅವರ ತಲೆ ಅರ್ಧ ಆಡಿತು ಕೂಡ. ಆಗ ದ್ರಾಕ್ಷಾಯಣಮ್ಮನ ಕೈ ಕಣ್ಣಿಗೆ ಬಿತ್ತು. ತಟ್ಟೆಯ ಅಂಚನ್ನು ಬೆರಳಿನಿಂದ ಹಿಡಿಯಲಾಗದೆ ಆಕೆ ಅದನ್ನು ಮಣಿಕಟ್ಟಿನ ಮೇಲೆ ಸಮತೋಲ ಮಾಡಿ ನಿಂತಿದ್ದಳು. ಅಡಿಕೆಯ ಹೋಳುಗಳು ಸಣ್ಣಗೆ ಗಲಗಲಿಸುತ್ತಿದ್ದವು.

'ಅರ್ಜಿ ನಂದೇ,' ಎಂದರು. 'ಅಡ್ರೆಸ್ಸೂ ಸರಿ ಇದೆ. ಇವಳ ಗುಳಿಗೆ ದಿನಾ ಕೊಡಬೇಕು. ನಾನು ದಿನ ಬಿಟ್ಟು ದಿನ ಕೊಡ್ತಾ ಇದ್ದೀನಿ. ನಾಲ್ಕು ತಿಂಗಳಾಯಿತು. ಇವಳಿಗೆ ಹೇಳಿಲ್ಲ.' ಆಮೇಲೆ, ಇಷ್ಟು ಸಾಲದೆಂಬಂತೆ, ತೊಳೆದು ಮಗುಚಿಟ್ಟಿದ್ದ ಬೆಳ್ಳಿ ತಟ್ಟೆಯನ್ನು ಎತ್ತಿ ತಂದು, ಅಂಚಿನಲ್ಲಿ ಕೊರೆದ ಹೆಸರನ್ನು ಬೆಳಕಿಗೆ ಹಿಡಿದು ತೋರಿಸಿದರು. 'ನೋಡ್ರಿ. ಓದ್ರಿ. ಪಕ್ಕದ ಮನೆಯ ಕಸ್ತೂರಮ್ಮನ ಮಾವನವರ ಹೆಸರು. ತಟ್ಟೆ ನಮ್ಮದಲ್ಲ.' ಊರಿಗೆ ಉಣಬಡಿಸಿದವರ ಮೊಮ್ಮಗ, ಒಂದು ತಟ್ಟೆ ತನ್ನದಲ್ಲವೆಂದು ರುಜುವಾತು ಮಾಡುವಾಗ ದನಿಯಲ್ಲಿ ಇಣುಕಿದ 'ಅಮ್ಮಾ, ತುತ್ತು ಅನ್ನ' ಎಂಬ ಕೊಂಡಜ್ಜಿಯ ಲಯವನ್ನು ಅವರೇ ಗುರುತಿಸಿದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಕಾಂತರಾಜ್ ಹೆಸರನ್ನು ನಿಜಕ್ಕೂ ಓದಿದ. 'ಸರ್,' ಎಂದ ಮೆಲ್ಲಗೆ, 'ಇದು ಫೋಟೋದಾಗೆ ಕಾಣಲ್ಲ.'

'ಇನ್ನೊಂದು ತೆಗೀರಿ.'

'ಹೋಗಿಬಿಟ್ಟೈತೆ ಸರ್. ನನ್ನ ಕೈಯಾಗಿಲ್ಲ ಈಗ. ಮೇಲಿನವ್ರು ನೋಡೋದು ಅದನ್ನೇ. ಶಾಲು, ಹೋಳಿಗಿ, ಬೆಳ್ಳಿ ತಟ್ಟಿ. ನಾನು ಏನು ಬರದ್ರೂ ನಗ್ತಾರೆ.' ಅವನು ಹೆಲ್ಮೆಟ್ಟನ್ನು ತಿರುಗಿಸುತ್ತ ಕೂತ. 'ಮೊದಲೇ ಒಂದು ಮಾತು ಹೇಳಿದ್ರೆ ನಾನು ಎಲೆ ಮುಂದೆ ಕೂಡ್ತಿರಲಿಲ್ಲ. ಈಗ ಉಪ್ಪೂ ಉಂಡೀನಿ. ತಿರಸ್ಕಾರ ಆಗಿ ಬರ್ತತಿ, ಆಮೇಲೆ ಮತ್ತೆ ಅರ್ಜಿ ಹಾಕ್ರಿ. ಈ ವಾರ್ಡು ನಂದೇ. ನಾನೇ ಬರ್ತೀನಿ.'

ದ್ರಾಕ್ಷಾಯಣಮ್ಮ ಮುಂದೆ ಬಂದು ಎಲೆ ಅಡಿಕೆಯ ತಟ್ಟೆಯನ್ನು ಅವನ ಮುಂದಿಟ್ಟಳು. 'ಬರ್ರಿ ತಮ್ಮಾ. ಆವಾಗ ಸ್ಟೀಲಿನ ತಟ್ಟ್ಯಾಗೆ ಬಡಸ್ತೀನಿ. ಆದ್ರೆ ಉಣ್ಣದಂಗೆ ಕಳಸಂಗಿಲ್ಲ, ಅದನ್ನ ಈಗಲೇ ಹೇಳಿರ್ತೀನಿ.' ಒಳಗೆ ಹೋಗಿ ನಾಲ್ಕು ಹೋಳಿಗೆಯನ್ನು ಕಾಗದದಲ್ಲಿ ಸುತ್ತಿ ತಂದಳು. 'ಅವ್ವಗೆ ಕೊಡಬ್ಯಾಡ್ರಿ. ನೀವು ತಿನ್ರಿ.'

ಅವನು ಹೋದ. ಗೌಸ್ ಪೀರ್, ತಾನೇನೋ ಒಡೆದೆನೆಂಬಂತೆ, ಹಿಮ್ಮುಖವಾಗಿ ಮೆಟ್ಟಿಲಿಳಿದ; ಬಹಳ ಹೊತ್ತು ಕೆಳಗೆ ಯಂತ್ರ ಶುರುವಾಗಲಿಲ್ಲ. ದ್ರಾಕ್ಷಾಯಣಮ್ಮ ಗಂಡನ ಹೆಗಲಿನಿಂದ ಶಾಲನ್ನು ತೆಗೆದು, ಮೊಣಕಾಲ ಮೇಲಿಟ್ಟುಕೊಂಡು, ಅಂಗೈಯಿಂದ ಒತ್ತಿ ಒತ್ತಿ ಮಡಚತೊಡಗಿದಳು.

'ಗುಳಿಗಿ ಸುಳ್ಳು ನಂಗೆ ಗೊತ್ತಿತ್ತು,' ಎಂದಳು. 'ಸುಣ್ಣದ್ದು ನಾಲಿಗಿಗೆ ಅಂಟ್ತತಿ. ಇನ್ನೊಂದು ಅಂಟಲ್ಲ. ಮೊದಲನೇ ವಾರನೇ ಗೊತ್ತಾತು, ನಿಮ್ಮ ಕೈ ನಡುಗಿದ ದಿನನೇ. ಇಲ್ಲದ್ದಕ್ಕೆ ಏನು ಮಾಡ್ತಾರೆ ಪಾಪ ಅಂತ ಕಣ್ಣು ಮುಚ್ಚಿ ನುಂಗಿದೆ.' ಶಾಲಿನ ಜರಿ ಬೆರಳ ಗೆಣ್ಣಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡಳು. 'ಈ ಶಾಲಿನ ಸುಳ್ಳು ಗೊತ್ತಿರಲಿಲ್ಲ. ಓಣಿ ತುಂಬ ಹೇಳ್ಕಂಡು ಬಂದೀನಿ ನಾನು, ನಮ್ಮವ್ರಿಗೆ ಸರಕಾರ ಮರ್ಯಾದೆ ಮಾಡ್ತತಿ ಅಂತ. ಇದನ್ನ ಹೆಂಗೆ ನುಂಗಲಿ?'

ಹದಿನೇಳು ಹಸಿವುಗಳ ಕವಿ ಎದ್ದರು. ಬೆಳ್ಳಿ ತಟ್ಟೆಗೆ ತಾವೇ ವಿಭೂತಿ ಹಚ್ಚಿ ತೊಳೆದು, ಹಳದಿ ಬಟ್ಟೆಯಲ್ಲಿ ಸುತ್ತಿ, ತಾವೇ ಹೋಗಿ ಕೊಟ್ಟುಬಂದರು. ಪೇಪರಿನಲ್ಲಿ ಯಾವಾಗ ಬರುತ್ತದೆಂದು ಕಸ್ತೂರಮ್ಮ ಕೇಳಿದಳು. ಪೇಪರಿನಲ್ಲಿ ಬರುವುದಿಲ್ಲ, ಕಚೇರಿಯಲ್ಲೇ ಇಟ್ಟುಕೊಳ್ಳುತ್ತಾರೆ ಎಂದರು. ಅದು ಸುಳ್ಳಾಗಿರಲಿಲ್ಲ.

ಮೂರು ದಿನ ದ್ರಾಕ್ಷಾಯಣಮ್ಮ ಉಪ್ಪು, ನೀರು, ಬಾಗಿಲು ಎಂಬಷ್ಟೇ ಮಾತಾಡಿದಳು. ಬೆಳಿಗ್ಗೆ ಬಂದು ಅಂಗೈ ಒಡ್ಡುವುದನ್ನು ಬಿಡಲಿಲ್ಲ. ಕಣ್ಣು ಮುಚ್ಚುವುದನ್ನು ಬಿಟ್ಟಳು. ತೆರೆದ ಆ ಕಣ್ಣುಗಳ ಎದುರು ಒಂದು ದಿನ ಗುಳಿಗೆ, ಒಂದು ದಿನ ಸುಣ್ಣ, ಒಂದು ದಿನ ಗುಳಿಗೆ. ಇಟ್ಟದ್ದನ್ನು ಆಕೆ ನೋಡಿ ನುಂಗುತ್ತಿದ್ದಳು. ನಾಲ್ಕನೆಯ ದಿನ, ಪೂಜೆ ಮುಗಿಸಿ ಬಂದು ಕೂತಾಗ ಕರಿಬಸವರಾಜರ ಕೈಯಲ್ಲಿ ಗುಳಿಗೆಯ ಡಬ್ಬಿಯಿರಲಿಲ್ಲ, ಫೋನಿತ್ತು.

'ಏನು ಬಂತು?'

ಅವರು ಕನ್ನಡಕ ಸರಿಮಾಡಿಕೊಂಡು, ಕರಡು ಓದುವ ದನಿಯಲ್ಲಿ ಓದಿದರು. 'ಅರ್ಜಿ ತಿರಸ್ಕರಿಸಲಾಗಿದೆ. ಸ್ಥಳ ಪರಿಶೀಲನೆಯಿಂದ ಅರ್ಜಿದಾರರು ಸ್ಥಿತಿವಂತರೆಂದು ಕಂಡುಬಂದಿರುತ್ತದೆ.'

'ಸ್ಥಿತಿವಂತರು,' ಎಂದಳು ದ್ರಾಕ್ಷಾಯಣಮ್ಮ. ಆ ಶಬ್ದವನ್ನು ಬಾಯೊಳಗೆ ಒಂದು ಸುತ್ತು ತಿರುಗಿಸಿ ನೋಡಿದಂತಿತ್ತು. ತುಟಿಯ ಒಂದು ಬದಿ, ನಾಲ್ಕು ದಿನಗಳ ಮೇಲೆ ಮೊದಲ ಸಲ, ತುಸು ಮೇಲೆದ್ದಿತು. 'ಇನ್ನೊಂದು ಅರ್ಜಿ ಹಾಕ್ರಿ. ಈ ಸಲ ನನ್ನ ಹೆಸರಿನಾಗೆ. ಬಡವಿ ಅಂತ ನಾನೇ ಹೇಳ್ತೀನಿ ಅವ್ರಿಗೆ, ನಂಗೇನೂ ನಾಚಿಕಿ ಇಲ್ಲ. ಗೌಸ್ ಪೀರನ ಕೈಲಿ ಸಹಿ ಹಾಕಿಸೋದೂ ನಂಗೆ ಬಿಡ್ರಿ.' ಆಮೇಲೆ ಬಲಗೈಯನ್ನು ಮುಂದೆ ಚಾಚಿ, ಬೆರಳುಗಳನ್ನು ಆದಷ್ಟು ಬಿಡಿಸಿದಳು. 'ಇವತ್ತು ಯಾವುದು?'

'ಸುಣ್ಣ,' ಎಂದರು ಅವರು.

'ಸರಕಾರನೇ ಬರದು ಕಳಿಸೈತಲ್ರಿ, ಸ್ಥಿತಿವಂತರು ಅಂತ. ಒಳ್ಳೇದೇ ಕೊಡ್ರಿ ಇವತ್ತು.'

ಕರಿಬಸವರಾಜರು ಡಬ್ಬಿ ತಂದು ತೆರೆದು, ಪಟ್ಟಿಯಿಂದ ನಾಳೆಯ ಗುಳಿಗೆಯನ್ನು ಒತ್ತಿ ತೆಗೆದು, ಆಕೆಯ ಅಂಗೈಯ ಮೇಲೆ ಹಿಡಿದರು. ಕೆಳಗೆ ಯಂತ್ರ ಶುರುವಾಗಿತ್ತು; ಕ್ಯಾಲೆಂಡರು ಮಿಡುಕುತ್ತಿತ್ತು. ಕೈಯ ನಡುಕ ಅಲ್ಲಿಂದ ಬಂದದ್ದೆಂದು ಅವರು ಅಂದುಕೊಳ್ಳಬಹುದಿತ್ತು. ಗುಳಿಗೆ ಬೆರಳಿನಿಂದ ಜಾರಿ ಬೀಳುವ ಮೊದಲೇ ಆಕೆ, ಮಡಚಲಾಗದ ಆ ಕೈಯಿಂದಲೇ, ಅವರ ಕೈಯನ್ನು ಹಿಡಿದುಕೊಂಡಳು.